ನೆಗೆಣ್ಣಿಯರ ನಿಕಷ

ಹಾಲನ್ನು ಒಲೆಯ ಮೇಲಿಟ್ಟದ್ದು ಗಂಟೆ ಬಾರಿಸುವವರೆಗೂ ಕಸ್ತೂರಿಗೆ ನೆನಪಿತ್ತು. ಬಾಗಿಲ ಗಂಟೆ ಬಾರಿಸಿದ್ದು, ಎದ್ದು ಹೋಗಿ ತೆರೆದದ್ದು, ಹೊರಗೆ ನಿಂತ ಹುಡುಗಿಯೊಬ್ಬಳು ಲಕೋಟೆ ಕೊಟ್ಟು “ಇದನ್ನ ಬಾಜೂ ಮನಿಯವರಿಗೆ ಮುಟ್ಟಸ್ರಿ” ಅಂದದ್ದು, ಅದೂ ನೆನಪಿತ್ತು. ಲಕೋಟೆ ಹಿಡಿದು ಕುರ್ಚಿಯ ಮೇಲೆ ಕೂತಳು. ಯಾರ ಹೆಸರಿದೆಯೋ ನೋಡೋಣವೆಂದು ಚಷ್ಮಾ ಏರಿಸಿ ಓದತೊಡಗಿದಳು. ಆಗ ಚಾವಣಿಯಿಂದ ಜೇನು ಸವರಿದಂಥ ಹೆಣ್ಣುದನಿಯೊಂದು ಕೇಳಿತು.

“ಕಸ್ತೂರಿಯವರೇ, ಮಾಡುತ್ತಿದ್ದ ಕೆಲಸ ಮುಗಿಯಿತೇ?”

“ಹೂಂ ರೀ, ಓದಿದೆ.”

“ಅದಕ್ಕೂ ಮೊದಲಿನ ಕೆಲಸ?”

ಅದಕ್ಕೂ ಮೊದಲು? ಕಸ್ತೂರಿ ಯೋಚಿಸಿದಳು. ಎದುರಿನ ಗೋಡೆಯ ಮೇಲೆ ನೀಲಿ ದೀಪವೊಂದು ಮಿಣುಕತೊಡಗಿತು. ದೀಪ ಚೆಂದ ಐತಿ ಅನ್ನಿಸಿತು, ಅಷ್ಟೇ. “ಒಲೆ ಆರಿಸಿ” ಎಂದು ದನಿ ಕೊನೆಗೆ ನೇರವಾಗಿಯೇ ಹೇಳಿತು. ಅವಳು ತಿರುಗಿ ನೋಡುವಷ್ಟರಲ್ಲಿ ಹಾಲು ಉಕ್ಕಿ ಚೆಲ್ಲಿತ್ತು. ಗೋಡೆಯೊಳಗಿಂದ ಉಕ್ಕಿನ ಕೈಯೊಂದು ಹೊರಬಂದು, ಮನೆಯ ಹಿರಿಯರಂತೆ ಸದ್ದಿಲ್ಲದೆ ಒಲೆ ಆರಿಸಿ ಒಳಗೆ ಸರಿಯಿತು.

ಅದು ನಿಜವಾದ ಮನೆಯಲ್ಲ. ಹುಬ್ಬಳ್ಳಿಯ ನಿಕಷ ಕೇಂದ್ರದೊಳಗೆ ಕಟ್ಟಿದ ಮನೆಯ ಮಾದರಿ. ಅಡುಗೆಕೋಣೆ, ಬಚ್ಚಲು, ಹೊರಬಾಗಿಲು, ಬಾಗಿಲಾಚೆ ಒಂದು ಕಿರಾಣಿ ಅಂಗಡಿ, ಎಲ್ಲವೂ ಒಂದೇ ಸೂರಿನಡಿ. ಚಿನ್ನವನ್ನು ಒರೆಗೆ ಹಚ್ಚುವ ಕಲ್ಲಿನ ಹೆಸರನ್ನೇ ಅಲ್ಲಿನ ಯಂತ್ರಕ್ಕೆ ಇಟ್ಟಿದ್ದರು. ಎಪ್ಪತ್ತೈದು ದಾಟಿದವರೆಲ್ಲ ಎರಡು ವರ್ಷಕ್ಕೊಮ್ಮೆ ನಿಕಷಕ್ಕೆ ಬರಬೇಕೆಂಬ ಕಾನೂನು ಬಂದು ಹತ್ತು ವರ್ಷವಾಗಿತ್ತು. ಕೆಟ್ಟ ಮನಸ್ಸಿನಿಂದ ಮಾಡಿದ ಕಾನೂನೇನೂ ಅದಲ್ಲ. ಅದಕ್ಕೂ ಮೊದಲು ಒಲೆ ಮರೆತು ಮನೆ ಸುಟ್ಟುಕೊಂಡವರು, ಒಂದೇ ಗುಳಿಗೆಯನ್ನು ಮೂರು ಸಲ ನುಂಗಿದವರು, ಒಳಗಿನಿಂದ ಅಗುಳಿ ಹಾಕಿಕೊಂಡು ತೆಗೆಯುವುದು ತಿಳಿಯದೆ ಎರಡು ದಿನ ಕೂಗಿದವರು ಓಣಿಗೊಬ್ಬರು ಇದ್ದರು. ಈಗ ಅಂಥ ಸುದ್ದಿ ಅಪರೂಪ.

ನಿಕಷ ಬುದ್ಧಿಯನ್ನು ಅಳೆಯುತ್ತಿರಲಿಲ್ಲ. ಇವತ್ತು ಯಾವ ವಾರ, ನೂರರಲ್ಲಿ ಏಳು ಕಳೆದರೆ ಎಷ್ಟು ಎಂದೂ ಕೇಳುತ್ತಿರಲಿಲ್ಲ. ಹಣೆಗೆ ಕಟ್ಟುವ ತೆಳ್ಳನೆಯ ಪಟ್ಟಿ, ಕೈಗೆ ಹಾಕುವ ಬಳೆ, ನೆಲದಡಿಯ ತೂಕದ ಹಲಗೆಗಳು, ಇವುಗಳ ಮೂಲಕ ಅದು ನೋಡುತ್ತಿದ್ದದ್ದು ಒಂದೇ ಸಂಗತಿ. ದಿನನಿತ್ಯದ ಒಂದು ಕೆಲಸವನ್ನು ಶುರುಮಾಡಿ, ಅನುಕ್ರಮ ತಪ್ಪದೆ ನಡೆಸಿ, ಅಪಾಯವಾಗದಂತೆ ಮುಗಿಸಲು ಈ ಮನುಷ್ಯನಿಗೆ ಎಷ್ಟು ಸುಳಿವು ಬೇಕು? ಯಂತ್ರ ಮೊದಲು ಸುಮ್ಮನೆ ಕಾಯುತ್ತದೆ. ಆಮೇಲೆ ಪ್ರಶ್ನೆ ಕೇಳುತ್ತದೆ. ಆಮೇಲೆ ದೀಪದಿಂದ ತೋರಿಸುತ್ತದೆ. ಆಮೇಲೆ ಬಾಯಿಬಿಟ್ಟು ಹೇಳುತ್ತದೆ. ಕಟ್ಟಕಡೆಗೆ ತಾನೇ ಮಾಡಿಬಿಡುತ್ತದೆ. ಒಂದೊಂದು ಮೆಟ್ಟಿಲಿಗೂ ಅಂಕ ಇಳಿಯುತ್ತದೆ. ಅರವತ್ತು ಬಂದರೆ ಸ್ವಾವಲಂಬನ ಪತ್ರ. ಆ ಪತ್ರ ಇದ್ದವರ ಬೆರಳಿಗೆ ಮಾತ್ರ ಮನೆಯ ಒಲೆ ಹೊತ್ತುತ್ತದೆ, ಬಾಗಿಲು ತೆರೆಯುತ್ತದೆ. ಇಲ್ಲದವರಿಗೆ ಒಲೆ ಇನ್ನು ಮೂವತ್ತು ದಿನ ಮಾತ್ರ ಹೊತ್ತುತ್ತದೆ, ಅಷ್ಟರೊಳಗೆ ಸರಕಾರದ ಆಸರೆ ಮನೆಗೆ ಹೋಗಬೇಕು.

ಕಸ್ತೂರಿಗೆ ನಲವತ್ತೇಳು ಬಂತು.

ಇಪ್ಪತ್ತೆಂಟು ವರ್ಷ ಗದಗ ಡಿಪೋದಲ್ಲಿ ಬಸ್ಸಿನ ಕಂಡಕ್ಟರ್ ಆಗಿದ್ದವಳು ಅವಳು. ತುಂಬಿದ ಗಾಡಿಯಲ್ಲಿ ಯಾರು ಎಲ್ಲಿ ಹತ್ತಿದರು, ಯಾರನ್ನು ಎಲ್ಲಿ ಇಳಿಸಬೇಕು ಎನ್ನುವುದನ್ನು ಮುಖ ನೋಡಿ ಹೇಳುತ್ತಿದ್ದಳು. ನಿದ್ದೆಹೋದವರನ್ನು ಅವರ ಊರು ಬಂದಾಗ ತಟ್ಟಿ ಎಬ್ಬಿಸುತ್ತಿದ್ದಳು. ಈಗ ಎಪ್ಪತ್ತಾರನೆಯ ವಯಸ್ಸಿನಲ್ಲಿ, ಚೆಲ್ಲಿದ ಹಾಲಿನ ವಾಸನೆಯ ನಡುವೆ ನಿಂತು, ತನ್ನೊಳಗಿನಿಂದಲೇ ಯಾರೋ ಒಬ್ಬರು ಹೇಳದೇ ಕೇಳದೇ ಇಳಿದುಹೋಗಿದ್ದಾರೆ ಎಂದು ಅವಳಿಗೆ ಅನ್ನಿಸಿತು. ಹೊಸದಾಗಿ ಅನ್ನಿಸಿದ್ದಲ್ಲ. ವರ್ಷದಿಂದ ಒಳಗೊಳಗೇ ಗೊತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಅನಸಕ್ಕನಿಗಂತೂ ಸುಳಿವು ಹತ್ತದ ಹಾಗೆ ನೋಡಿಕೊಂಡಿದ್ದೇನೆ ಎಂದುಕೊಂಡಿದ್ದಳು.

ಅನಸಕ್ಕ ಅಂದರೆ ಅನಸೂಯಾ, ಕಸ್ತೂರಿಯ ಗಂಡನ ಅಣ್ಣನ ಹೆಂಡತಿ. ಗದಗ ಸೀಮೆಯಲ್ಲಿ ಅಣ್ಣತಮ್ಮಂದಿರ ಹೆಂಡಿರನ್ನು ನೆಗೆಣ್ಣಿಯರು ಎನ್ನುತ್ತಾರೆ. ನೆಗೆಣ್ಣಿಯರು ಒಂದು ಒಲೆಯ ಮುಂದೆ ಸುಮ್ಮನೆ ಕೂತದ್ದನ್ನು ಕಂಡವರಿಲ್ಲ ಎಂದೂ ಅಲ್ಲಿಯ ಜನ ಅನ್ನುತ್ತಾರೆ. ಇಬ್ಬರ ಗಂಡಂದಿರೂ ತೀರಿಕೊಂಡ ಮೇಲೆ ಬೆಟಗೇರಿಯಲ್ಲಿ, ನೇಕಾರರ ಸೊಸೈಟಿಯ ಹಿಂದಿನ ಬಾಡಿಗೆಯ ಮಹಡಿ ಮನೆಯಲ್ಲಿ, ಇಬ್ಬರೂ ಒಟ್ಟಿಗೆ ಬದುಕಿ ಹನ್ನೊಂದು ವರ್ಷವಾಗಿತ್ತು. ಓಣಿಯವರು ಅವರ ಜಗಳ ಕೇಳಿಯೇ ಹೊತ್ತು ಎಷ್ಟಾಯಿತೆಂದು ತಿಳಿಯುತ್ತಿದ್ದರು.

ಆ ದಿನ ಅನಸಕ್ಕನದೂ ಪರೀಕ್ಷೆ. ಗಾಜಿನ ಗೋಡೆಯಾಚೆ ನಿಂತು ನೋಡಲು ಕಸ್ತೂರಿಯನ್ನು ಬಿಟ್ಟವಳು ತಸ್ನೀಮ್ ಮುಲ್ಲಾ. ತಸ್ನೀಮ್ ಆಕ್ಯುಪೇಶನಲ್ ಥೆರಪಿಸ್ಟ್. ಔಷಧಿ ಬರೆಯುವವಳಲ್ಲ. ಕೈ ಸೋತವರಿಗೆ ಗುಂಡಿ ಹಾಕಿಕೊಳ್ಳುವುದನ್ನು, ಮರೆವು ಬಂದವರಿಗೆ ಚಹಾ ಮಾಡಿಕೊಳ್ಳುವುದನ್ನು ಮತ್ತೆ ಕಲಿಸುವವಳು. ಯಂತ್ರ ಅಂಕ ಕೊಟ್ಟರೂ ಪತ್ರದ ಮೇಲೆ ಸಹಿ ಅವಳದೇ.

ಮೂರು ವರ್ಷದ ಹಿಂದೆ ಅನಸಕ್ಕನಿಗೆ ಸಣ್ಣಗೆ ಲಕ್ವಾ ಹೊಡೆದಿತ್ತು. ಕೈಕಾಲಿನಲ್ಲಿ ಶಕ್ತಿ ಮರಳಿತ್ತು, ಮಾತು ಕತ್ತಿಯಂತೆ ಹರಿತವಾಗಿಯೇ ಇತ್ತು. ಆದರೆ ಗಾಜಿನಾಚೆ ಅವಳು ಒಲೆಯ ಮುಂದೆ ಕೂತವಳು ಕೂತೇ ಇದ್ದಳು. “ನೀರು ಇಡಬೇಕು, ಕುದಿ ಬಂದ ಮ್ಯಾಲ ಪುಡಿ, ಬೆಲ್ಲ, ಆಮ್ಯಾಲ ಹಾಲು” ಎಂದು ಒಂದೂ ತಪ್ಪದೆ ಹೇಳಿದಳು. ಕೈಗಳು ಮಾತ್ರ ಮಡಿಲಲ್ಲಿ ಬಿದ್ದಿದ್ದವು, ಬೇರೆಯವರ ಕೈಗಳ ಹಾಗೆ. ಹನ್ನೊಂದು ನಿಮಿಷ. ಜೇನಿನ ದನಿ ಕೇಳಿತು, ನೀಲಿ ದೀಪ ಮಿಣುಕಿತು, ಪಾತ್ರೆ ಎತ್ತಿಕೊಳ್ಳಿ ಎಂದೂ ಹೇಳಿತು. ಕೈ ಏಳಲಿಲ್ಲ. 

“ಮನ್ಯಾಗ ಆಕಿ ಹಿಂಗ ಕುಂದರೂದಿಲ್ರಿ,” ಎಂದಳು ಕಸ್ತೂರಿ. “ಮನ್ಯಾಗ ಎಲ್ಲಾ ಮಾಡ್ತಾಳ.”

ತಸ್ನೀಮ್ ಅವಳ ಮುಖ ನೋಡಿದಳು. ಆ ಮಾತನ್ನು ಬರೆದುಕೊಂಡಳು. ಅನಸಕ್ಕನ ಅಂಕ ನಲವತ್ತೊಂದು.

ಇಬ್ಬರ ಕೊರತೆ ಬೇರೆ ಬೇರೆ, ಹಾಗಾಗಿ ಆಸರೆ ಮನೆಗಳೂ ಬೇರೆ ಬೇರೆ. ಮರೆವಿನವರದು ಧಾರವಾಡದ ಹತ್ತಿರ. ಲಕ್ವಾ ಹೊಡೆದವರದು ಬಾಗಲಕೋಟೆಯ ಕಡೆ. ಗದಗಕ್ಕೆ ಮರಳುವ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು.  ಅಣ್ಣಿಗೇರಿ ದಾಟಿದ ಮೇಲೆ ಅನಸಕ್ಕ ಕಿಟಕಿಯ ಕಡೆ ಮುಖ ಮಾಡಿಕೊಂಡೇ, “ನಿನ್ನ ಮಗಳಿಗೆ ಫೋನ್ ಹಚ್ಚು” ಎಂದಳು.

ಕಸ್ತೂರಿಯ ಮಗಳು ಪವಿತ್ರಾ ಬೀದರಿನಲ್ಲಿ ಶಾಲೆಯ ಮಾಸ್ತರಿಣಿ. ಕಾನೂನಿನಲ್ಲಿ ಒಂದು ದಾರಿ ಇತ್ತು. ಮಕ್ಕಳು ಜವಾಬ್ದಾರಿ ಹೊತ್ತರೆ ಆಸರೆ ಮನೆ ಬೇಡ. ಮರುದಿನ ಪವಿತ್ರಾ ಕೇಳಿದ ಕೂಡಲೇ, “ಅವ್ವಾ, ನಾಳೇನ ಹೊಂಟು ಬಾ” ಅಂದಳು.

“ನಿನ್ನ ದೊಡ್ಡವ್ವನ್ನ?”

 “ದೊಡ್ಡವ್ವ ನಿನ್ನ ಅಕ್ಕ ಆಗ್ತಾಳ, ಕಾಗದದ ಮ್ಯಾಲೆ ನನಗ ಏನೂ ಆಗೂದಿಲ್ಲವಾ. ಕಾನೂನು ಒಪ್ಪೂದಿಲ್ಲ.”

ಹುಟ್ಟಿದ ನಲವತ್ತನೆಯ ದಿನದಿಂದ ಪವಿತ್ರಾಳನ್ನು ಎತ್ತಿ ಆಡಿಸಿದವಳು ಅನಸಕ್ಕ. ಕಸ್ತೂರಿ ಬೆಳಗಿನ ಮೊದಲ ಗಾಡಿಗೆ ಹೊರಟರೆ ಕೂಸಿಗೆ ಎಣ್ಣೆ ನೀರು ಅವಳದೇ. ಕಾಗದಕ್ಕೆ ಅದೆಲ್ಲ ಹೇಗೆ ತಿಳಿಯಬೇಕು? “ಹಂಗಾದ್ರ ನಾನೂ ಬರೂದಿಲ್ಲ” ಎಂದು ಕಸ್ತೂರಿ ಫೋನು ಇಟ್ಟಳು. ಒಳಗಿನಿಂದ ಅನಸಕ್ಕ, “ಹೋಗಬೇಕಾಗಿತ್ತು ನೀ. ಮಳ್ಳಿ, ಯಾವಾಗರೆ ಶಾಣ್ಯಾ ಆಗಿದ್ದೆಲ್ಲೈತಿ?” ಎಂದು ಬೈದಳು. ಕಸ್ತೂರಿಗೆ ಸಿಟ್ಟು ಬಂತು. ಈಕೆಗಾಗಿ ಮಗಳನ್ನು ಬಿಟ್ಟರೆ ಅದಕ್ಕೂ ಬೈಗುಳವೇ?

ಎಂಟು ದಿನಕ್ಕೆ ತಸ್ನೀಮ್ ಮನೆಗೆ ಬಂದಳು. ಆಸರೆ ಮನೆಗೆ ಕಳಿಸುವ ಮೊದಲು ಮನೆಯನ್ನೊಮ್ಮೆ ಕಣ್ಣಾರೆ ನೋಡಬೇಕೆಂಬ ನಿಯಮವಿತ್ತು. ಬಹಳ ಜನ ಅದನ್ನು ಫೋಟೋ ತೆಗೆದು ಮುಗಿಸುತ್ತಿದ್ದರು. ತಸ್ನೀಮ್ ಮಾತ್ರ ಇಬ್ಬರ ಕೈಗೂ ಬಳೆ ಹಾಕಿ, ಕಡ್ಡಿಪೆಟ್ಟಿಗೆಯಷ್ಟು ದೊಡ್ಡ ಯಂತ್ರದ ಕಣ್ಣನ್ನು ಗೋಡೆಗೆ ಅಂಟಿಸಿ, ಹೊಸ್ತಿಲ ಬಳಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಳು.

“ದಿನಾ ಈ ಹೊತ್ತಿನ್ಯಾಗ ಏನ್ ಮಾಡ್ತೀರೋ ಅದನ್ನ ಮಾಡ್ರಿ ಅಮ್ಮಾರ. ನಾ ಇಲ್ಲೆ ಇಲ್ಲ ಅನ್ಕೋರಿ.”

“ಇಷ್ಟುದ್ದ ಹುಡುಗಿ ಬಾಗಲದಾಗ ಕುಂತಾಳ, ಇಲ್ಲ ಅಂತ ಹೆಂಗ ಅನ್ಕೊಳ್ಳೂದು?” ಎಂದಳು ಅನಸಕ್ಕ.

ರೊಟ್ಟಿ ಮಾಡುವ ಹೊತ್ತು ಅದು. ಕಸ್ತೂರಿ ನೀರು ಕುದಿಯಲಿಟ್ಟಳು. ಕಿಟಕಿಯಲ್ಲಿ ಒಣಹಾಕಿದ್ದ ಟವೆಲ್ಲು ಗಾಳಿಗೆ ಜಾರುತ್ತಿತ್ತು. ಅದನ್ನು ತೆಗೆಯಲು ಹೋದಳು.

“ಏ ಕಸ್ತೂರಿ! ನೀರಿಟ್ಟು ಎಲ್ಲಿ ಹೊಂಟಿ? ಕುದ್ದ ನೀರು ಆವಿ ಆಗಿ ಮುಗಲಿಗೆ ಹೋದ ಮ್ಯಾಲ ಬರ್ತೀಯೇನು?”

“ಇಲ್ಲೇ ಅದೀನಲ್ಲ, ಯಾಕ ಹಂಗ ಒದರ್ತಿ?” ಎನ್ನುತ್ತ ಕಸ್ತೂರಿ ತಿರುಗಿ ಬಂದು ಹಿಟ್ಟಿಗೆ ನೀರು ಸುರಿದಳು. ಕಲಸಿದ ಹಿಟ್ಟಿನ ಒಂದು ಉಂಡೆಯನ್ನು ಅನಸಕ್ಕನ ಅಂಗೈಗೆ ತುರುಕಿ, “ಬರೇ ಬಾಯಿ ನಡಸಬ್ಯಾಡ, ನಾದು” ಎಂದಳು. ಅಲ್ಲಿಯವರೆಗೆ ಮಡಿಲಲ್ಲಿ ಸುಮ್ಮನಿದ್ದ ಕೈ ಕೂಡಲೇ ನಾದತೊಡಗಿತು.

“ಹಂಚು ಹೊಗಿ ಕಾರಾಕತ್ತೈತಿ, ಮೂಗಿನ್ಯಾಗ ಹತ್ತಿ ತುರುಕ್ಕೊಂಡೀಯೇನು?” ಕಸ್ತೂರಿ ಉರಿ ತಗ್ಗಿಸಿದಳು. “ಮ್ಯಾಲೆ ನೀರು ಯಾರು ಸವರಬೇಕು, ನಿಮ್ಮಪ್ಪ ಬರ್ತಾನೇನು?” ಕಸ್ತೂರಿ ಒದ್ದೆಬಟ್ಟೆಯಿಂದ ರೊಟ್ಟಿಯ ಮೇಲೆ ನೀರು ಸವರಿದಳು. ನಡುನಡುವೆ ಅನಸಕ್ಕ ಕೆಮ್ಮುತ್ತಿದ್ದಳು, ಊರುಗೋಲು ಕುಟ್ಟುತ್ತಿದ್ದಳು. ಒಮ್ಮೆ “ಗುಳಗಿ!” ಎಂದಷ್ಟೇ ಕಿರುಚಿದಳು. ಕಸ್ತೂರಿ ಗೊಣಗುತ್ತ ತನ್ನ ಗುಳಿಗೆ ನುಂಗಿ, ಅನಸಕ್ಕನದನ್ನು ಅವಳ ಕೈಗಿಟ್ಟು, ನೀರಿನ ಲೋಟವನ್ನು ಇನ್ನೊಂದು ಕೈಗೆ ಹಿಡಿಸಿದಳು. ಅವಳೂ ನುಂಗಿದಳು.

ಹನ್ನೆರಡು ರೊಟ್ಟಿ ಆದವು. ಒಂದೂ ಸೀಯಲಿಲ್ಲ. ಒಲೆ ಆರಿತ್ತು.

ತಸ್ನೀಮ್ ಬರೆಯುವುದನ್ನು ಯಾವಾಗಲೋ ನಿಲ್ಲಿಸಿದ್ದಳು. “ಅಮ್ಮಾರ, ದಿನಾ ಹಿಂಗ ಬೈತಾರೇನ್ರಿ?”

“ದಿನಾ ಏನ್ರಿ ಮೇಡಮ್ಮಾರ, ಉಸರಿಗೊಮ್ಮೆ,” ಎಂದಳು ಕಸ್ತೂರಿ.

ತಸ್ನೀಮ್ ತನ್ನ ಕೈಯ ಟ್ಯಾಬ್ಲೆಟ್ ಹಲಗೆಯ ಮೇಲೆ ಏನೇನೋ ಒತ್ತಿದಳು. ಸ್ವಲ್ಪ ಹೊತ್ತಿಗೆ ಕುರ್ಚಿಯನ್ನು ಅವರ ಹತ್ತಿರ ಎಳೆದುಕೊಂಡು ಹಲಗೆಯನ್ನು ಇಬ್ಬರ ನಡುವೆ ಹಿಡಿದಳು.

“ಈ ಯಂತ್ರಕ್ಕ ಮಂದಿ ಮಾತು ಅಂದ್ರ ಗದ್ದಲ ಇದ್ದಂಗ. ಸೋಸಿ ಒಗದುಬಿಡ್ತೈತಿ. ಈಗ ನಾ ಸೋಸೂದನ್ನ ನಿಲ್ಲಿಸೀನಿ. ನೋಡ್ರಿ, ಈ ಕೆಂಪು ಗೆರಿ ಅನಸಕ್ಕಾರು ಬೈದಿದ್ದು. ಈ ಹಸರು ಗೆರಿ ನಿಮ್ಮ ಕೈ ಸರಿದಾರಿಗೆ ತಿರುಗಿದ್ದು. ನಡಕ ಮೂರು ಸೆಕೆಂಡು. ಪ್ರತಿ ಸಲ.” ಅವಳ ದನಿ ಸಣ್ಣಗಾಯಿತು. “ಮತ್ತ ಇಲ್ಲಿ, ನೀವು ಅವರ ಕೈಯಾಗ ಹಿಟ್ಟು ಇಟ್ರಿ. ಇಟ್ಟ ಕೂಡ್ಲೆ ಅವರ ಕೈ ಶುರು ಆತು. ಒಂದು ತಾಸಿನ್ಯಾಗ ಅವರು ನಿಮಗ ಮೂವತ್ನಾಕು ಸಲ ದಾರಿ ತೋರಿಸ್ಯಾರ. ನೀವು ಅವರಿಗೆ ಹತ್ತೊಂಬತ್ತು ಸಲ. ನಮ್ಮ ಕೇಂದ್ರದ ದನಿ, ದೀಪ ಯಾವುದೂ ಇಷ್ಟು ಚಲೋ ಕೆಲಸ ಮಾಡಿಲ್ರಿ.”

ಕಸ್ತೂರಿ ಗೆರೆಗಳನ್ನು ನೋಡಿದಳು. ಕೆಂಪು, ಹಸಿರು. ಕೆಂಪು, ಹಸಿರು.

“ಆ ಯಂತ್ರಕ್ಕ ಬ್ಯಾರೆ ಉದ್ಯೋಗ ಇಲ್ಲೇನು?” ಎಂದು ಅನಸಕ್ಕ ಮುಖ ತಿರುಗಿಸಿದಳು. “ನೆಗೆಣ್ಣಿ ಬೈದ್ರ ಅದಕ್ಕ್ಯಾಕ ಚಿಂತಿ?”

ತಸ್ನೀಮ್ ಹೋದ ಮೇಲೂ ಕಸ್ತೂರಿ ಕೂತೇ ಇದ್ದಳು. ಸಂಜೆಯ ಬಿಸಿಲು ಕಿಟಕಿಯಿಂದ ಪಾತ್ರೆಗಳ ಮೇಲೆ ಬಿದ್ದಿತ್ತು. ಕೆಳಗೆ ಓಣಿಯಲ್ಲಿ ಮಗ್ಗವೊಂದು ತನ್ನ ಪಾಡಿಗೆ ಬಡಿಯುತ್ತಿತ್ತು.

“ನಿನಗ ಗೊತ್ತಿತ್ತು,” ಎಂದಳು.

ಅನಸಕ್ಕ ಸೆರಗಿನಿಂದ ಕೈಗಂಟಿದ ಹಿಟ್ಟು ಒರೆಸಿಕೊಳ್ಳುತ್ತಿದ್ದಳು. “ಏನು?”

“ನಾ ಮರೀತೀನಂತ. ಯಾವಾಗಿಂದ ಗೊತ್ತಿತ್ತು, ಹೇಳು.”

ಅನಸಕ್ಕ ಸೆರಗು ಕೊಡವಿಕೊಂಡಳು. “ಎರಡು ವರ್ಷದ ಹಿಂದ, ದವಾಖಾನಿಯಿಂದ ಬಸ್ಸಿನ್ಯಾಗ ಬರುವಾಗ. ಮುಳಗುಂದ ನಾಕಾ ಬಂದ್ರೂ ನೀ ಇಳಿಯಾಕ ಏಳಲಿಲ್ಲ. ಅದ ನಾಕಾದಾಗ ಇಪ್ಪತ್ತೆಂಟು ವರ್ಷ ಮಂದಿನ್ನ ಇಳಿಸಿದಾಕಿ ನೀ.”

“ಅವತ್ತ ‘ಕಣ್ಣು ಎಲ್ಲಿ ಅಡವಿಟ್ಟು ಬಂದಿ’ ಅಂತ ಮಂದಿ ಮುಂದ ಬೈದಿ. ನಾ ಎರಡು ದಿವಸ ಮಾತಾಡಲಿಲ್ಲ.”

“ಹೂಂ.”

“ಮೆತ್ತಗ ಹೇಳಬಹುದಿತ್ತಲ್ಲ ಯಕ್ಕಾ.”

“ಮೆತ್ತಗ ಹೇಳಿದ್ರ ನಿನಗ ನಿನ್ನ ಮ್ಯಾಲ ಅಂಜಿಕಿ ಬರ್ತಿತ್ತು,” ಎಂದಳು ಅನಸಕ್ಕ. “ಬೈದ್ರ ನನ್ನ ಮ್ಯಾಲ ಸಿಟ್ಟು ಬರ್ತೈತಿ. ಅಂಜಿಕಿಗಿಂತ ಸಿಟ್ಟು ಚಲೋ. ಅಂಜಿದಾಕಿ ಹಾಸಿಗಿ ಹಿಡೀತಾಳ. ಸಿಟ್ಟು ಬಂದಾಕಿ ನಾಕು ರೊಟ್ಟಿ ಹೆಚ್ಚಿಗಿ ಬಡೀತಾಳ.”

 ಅವರ ಮನೆತನದಲ್ಲಿ ಒಬ್ಬರಿಗೊಬ್ಬರು ಉಪಕಾರ ಆಯಿತು ಎಂದು ಹೇಳಿಕೊಳ್ಳುವ ರೂಢಿಯೇ ಇರಲಿಲ್ಲ. ಕಸ್ತೂರಿ ಎದ್ದು ಹೋಗಿ ಅನಸಕ್ಕನ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗುವಂತೆ ಕೂತಳು. ಅನಸಕ್ಕ ಸರಿದು ಕೂರಲಿಲ್ಲ.

ನಾಲ್ಕು ದಿನದ ಮೇಲೆ ತಸ್ನೀಮ್ ಇಬ್ಬರನ್ನೂ ಕೇಂದ್ರಕ್ಕೆ ಕರೆಸಿದಳು. ಮುಖ್ಯಸ್ಥರಾದ ಡಾಕ್ಟರ್ ವಾದಿರಾಜ ಕಟ್ಟಿ ಅವರ ಕೋಣೆಯಲ್ಲಿ ಆ ಕೆಂಪು ಹಸಿರು ಗೆರೆಗಳು ಗೋಡೆಯಗಲ ಹರಡಿದ್ದವು. ಇಬ್ಬರಿಗೂ ಕೂಡಿ ಒಂದೇ ಪತ್ರ ಕೊಡಬೇಕೆಂದು ತಸ್ನೀಮ್ ಕೇಳಿದ್ದಳು. ಕಟ್ಟಿ ಒಳ್ಳೆಯ ಮನುಷ್ಯರು. ಒಲೆ ಮರೆತವರ ಸುಟ್ಟ ಮೈಗಳನ್ನು ಪ್ರಾಯದಲ್ಲಿ ತಾವೇ ಕೈಯಾರೆ ತೊಳೆದು ಕಟ್ಟಿದ್ದವರು. ಆ ಕಾರಣಕ್ಕೇ ಕಟ್ಟುನಿಟ್ಟು.

“ತಸ್ನೀಮ್, ನೀವು ಹೇಳೂದು ತಪ್ಪಲ್ಲ,” ಎಂದರು. “ಆದರ ನಿಯಮ ಒಬ್ಬರಿಗೆ ಒಂದು ಪತ್ರ ಅನ್ನತದ. ಇಬ್ಬರು ಕೂಡಿ ಒಂದು ಬುದ್ಧಿ ಅಂತ ನಾ ಹ್ಯಾಂಗ ಬರೀಲಿ? ನಾಳೆ ಇವರೊಳಗ ಒಬ್ಬರು ಇಲ್ಲದಂಗಾದರ ಇನ್ನೊಬ್ಬರ ಗತಿ ಏನು? ಊರಿದ ಕೋಲು ಮುರಿದರ ಮನುಷ್ಯಾನೂ ಬೀಳತಾನ.”

ಅನಸಕ್ಕ ಮುಂದಕ್ಕೆ ಬಾಗಿದಳು. “ಸಾಹೇಬ್ರ, ಒಂದು ಮಾತು ಕೇಳ್ಲೇನ್ರಿ? ನೀವು ಚಷ್ಮಾ ಹಾಕ್ಕೊಂಡೀರಿ.”

“ಹೌದು.”

“ಅದನ್ನ ತಗದು ಆ ಗ್ವಾಡಿ ಮ್ಯಾಲಿಂದ ಓದ್ರಿ ನೋಡೋಣು.”

ಕಟ್ಟಿ ನಕ್ಕುಬಿಟ್ಟರು. ನಗುತ್ತ ಕನ್ನಡಕ ತೆಗೆದು ಗೋಡೆ ನೋಡಿದರು, ಮತ್ತೆ ಹಾಕಿಕೊಂಡರು. ಸ್ವಲ್ಪ ಹೊತ್ತು ಮೇಜಿನ ಮೇಲೆ ಬೆರಳಾಡಿಸಿ, “ಆತು. ಇಬ್ಬರೂ ಕೂಡೇ ಒಮ್ಮೆ ಒಳಗ ಹೋಗಲಿ. ಸೋಸೂದನ್ನ ನಿಲ್ಲಿಸಿ ನೋಡೋಣ. ಅರವತ್ತು ಬರಲಿಲ್ಲಂದರ ಈ ಮಾತು ಇಲ್ಲಿಗೇ ಮುಗೀಬೇಕು,” ಎಂದರು.

ಮತ್ತೆ ಅದೇ ಮಾದರಿ ಮನೆ. ಅದೇ ಒಲೆ, ಅದೇ ಹಾಲು. ಕಸ್ತೂರಿ ಪಾತ್ರೆ ಇಟ್ಟಳು. ಲೋಟಗಳನ್ನು ಅನಸಕ್ಕನ ಕೈಗೆ ಕೊಟ್ಟಳು. ಅನಸಕ್ಕ ಅವನ್ನು ತೊಳೆಯತೊಡಗಿದಳು. ಇಲ್ಲಿಯವರೆಗೆ ಎಲ್ಲ ಸರಿ. ಗಾಜಿನಾಚೆ ಕಟ್ಟಿಯವರ ಜೊತೆ ಹತ್ತು ಹನ್ನೆರಡು ಮಂದಿ ಸೇರಿದ್ದರು.

ಗಂಟೆ ಬಾರಿಸಿತು. ಕಸ್ತೂರಿ ಹೋಗಿ ಲಕೋಟೆ ತೆಗೆದುಕೊಂಡು ಬಂದಳು. ಕೂತಳು. ಹೆಸರು ಓದತೊಡಗಿದಳು.

ಅನಸಕ್ಕನಿಗೆ ಹಾಲು ಏರುವುದು ಕಾಣುತ್ತಿತ್ತು. ಆದರೆ ಗಾಜಿನಾಚೆ ದೊಡ್ಡ ದೊಡ್ಡವರು ನಿಂತಿದ್ದರು. ಕಲಿತವರ ಮುಂದೆ ಹಿರಿಯಳೊಬ್ಬಳು ಬಾಯಿಗೆ ಬಂದಂತೆ ಬೈಯುವುದೇ? “ಕಸ್ತೂರೀ,” ಎಂದಳು, ದೇವರ ಮನೆಯಲ್ಲಿ ಮಾತಾಡುವಷ್ಟು ಮೆತ್ತಗೆ. “ಒಲಿ ಕಡೆ ಒಂಚೂರು ನೋಡವಾ.”

“ಹೂಂ ಯಕ್ಕಾ,” ಎಂದಳು ಕಸ್ತೂರಿ. ನೋಡಲಿಲ್ಲ. ಆ ಮಾತು ಜೇನಿನ ದನಿಯ ಹಾಗೆಯೇ ಅವಳ ಮೈಮೇಲಿಂದ ಜಾರಿಹೋಯಿತು.

ಆದರೆ ಈ ಸಲ ಒಂದು ವ್ಯತ್ಯಾಸವಿತ್ತು. ಏನನ್ನೋ ಮರೆತಿದ್ದೇನೆ ಎಂಬುದು ಅವಳಿಗೆ ಗೊತ್ತಾಯಿತು. ಏನು ಎಂಬುದು ಗೊತ್ತಾಗಲಿಲ್ಲ.  ಅನಸಕ್ಕ ಎರಡು ವರ್ಷ ತನ್ನಿಂದ ದೂರ ಇಟ್ಟಿದ್ದ ಆ ಅಂಜಿಕೆ ಇದೇ ಎಂದು ಅವಳಿಗೆ ಹೊಳೆಯಿತು. ಲಕೋಟೆ ಕೈಯಿಂದ ಜಾರಿತು.

“ಯಕ್ಕಾ,” ಎಂದಳು. “ಏನೋ ಮರ್ತೀನಿ. ಏನಂತ ತಿಳೀವಲ್ದು. ಮೆತ್ತಗ ಮಾತಾಡಬ್ಯಾಡ. ಬೈ. ನಿನ್ನ ಕಾಲಿಗೆ ಬೀಳ್ತೀನಿ, ಮನ್ಯಾಗ ಬೈದಂಗ ಬೈ.”

ಅನಸಕ್ಕನ ಕಣ್ಣು ತುಂಬಿದವು. ಊರುಗೋಲು ಎತ್ತಿ ನೆಲಕ್ಕೆ ಕುಟ್ಟಿದಳು.

“ಏ ಮಳ್ಳಿ! ಹಾಲು! ಉಕ್ಕಿ ಹುಬ್ಬಳ್ಳಿ ತುಂಬ ಹರದಾಡಿದ ಮ್ಯಾಲ ಏಳ್ತೀಯೇನು? ಎದ್ದೇಳು!”

ಕಸ್ತೂರಿ ಚಂಗನೆ ಎದ್ದಳು. ಎರಡು ಹೆಜ್ಜೆಗೆ ಒಲೆಯ ಬಳಿ ಇದ್ದಳು. ನೊರೆ ಪಾತ್ರೆಯ ಅಂಚಿಗೆ ಬಂದಿತ್ತು. ಉರಿ ಆರಿತು. ಗೋಡೆಯಿಂದ ಅರ್ಧ ಹೊರಬಂದಿದ್ದ ಉಕ್ಕಿನ ಕೈ ಅಲ್ಲೇ ನಿಂತು, ಮೆಲ್ಲಗೆ ಹಿಂದೆ ಸರಿಯಿತು.

“ನಿಂತು ನೋಡ್ತಿ ಏನು, ಚಾಪುಡಿ ಯಾರು ಹಾಕ್ಬೇಕು?” ಎಂದು ಅನಸಕ್ಕ ಮೂಗು ಒರೆಸಿಕೊಳ್ಳುತ್ತ ಕೂಗಿದಳು. ಈಗ ಅವಳಿಗೆ ಯಾರ ಪರಿವೆಯೂ ಇರಲಿಲ್ಲ. “ಹಾಕಾಕತ್ತೀನಿ ತಡಿ, ನೀ ಬೆಲ್ಲ ಹಿಡಿ,” ಎಂದು ಕಸ್ತೂರಿ ಬೆಲ್ಲದ ಡಬ್ಬಿಯನ್ನು ಅವಳ ಕೈಗೆ ಹಾಕಿದಳು. ಗಾಜಿನಾಚೆ ಯಾರೋ ಗಟ್ಟಿಯಾಗಿ ನಕ್ಕರು, ಯಾರೋ ಕಣ್ಣೊರೆಸಿಕೊಂಡರು. ಚಹಾ ಆಯಿತು. ಗುಳಿಗೆ ನುಂಗಿದ್ದಾಯಿತು. ಲಕೋಟೆ ಬಾಜೂ ಮನೆಗೆ ಮುಟ್ಟಿತು. ಅಂಕ ಎಪ್ಪತ್ತನಾಲ್ಕು.

ಕಟ್ಟಿಯವರು ಬರೆದದ್ದು ಆರು ತಿಂಗಳ ಪತ್ರ. ಪ್ರತಿ ಆರು ತಿಂಗಳಿಗೆ ತಸ್ನೀಮ್ ಮನೆಗೇ ಹೋಗಿ ನೋಡಬೇಕು, ಇಬ್ಬರಲ್ಲಿ ಒಬ್ಬರಿಗೆ ಏನಾದರೂ ಆದರೆ ಪತ್ರ ಅಲ್ಲಿಗೆ ಮುಗಿಯಿತು ಎಂದು ಷರತ್ತು ಹಾಕಿದರು. ಅದೇ ಮೊದಲ ಜೋಡಿ ಪತ್ರ. ಆಮೇಲೆ ಯಾರು ಯಾರೋ ಬಂದರು. ಒಂದೇ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿದ ಇಬ್ಬರು ಮಾಸ್ತರರು, ಒಬ್ಬ ಕುರುಡ ಹಾರ್ಮೋನಿಯಂ ವಾದಕ ಮತ್ತವನ ಮರೆಗುಳಿ ಭಾವಮೈದುನ. ಎಲ್ಲ ಜೋಡಿಗೂ ಅಂಕ ಬರಲಿಲ್ಲ. ಬಂದವರು ತಮ್ಮ ತಮ್ಮ ಮನೆಗೆ ಮರಳಿದರು. ಯಂತ್ರದ ಮಾತು ಸೋಸುವ ಜರಡಿಯನ್ನು ಕೇಂದ್ರದವರು ತೆಗೆದೇಬಿಟ್ಟರು.

ಎರಡು ವರ್ಷ ಮೂರು ತಿಂಗಳು ನೆಗೆಣ್ಣಿಯರು ಆ ಮಹಡಿ ಮನೆಯಲ್ಲಿ ಜಗಳವಾಡಿಕೊಂಡು ಇದ್ದರು. ಬೈಗುಳದ ಸ್ವಾದ ಮಾತ್ರ ಬದಲಾಗಿತ್ತು. ಕೆಲವೊಮ್ಮೆ ಅನಸಕ್ಕ ಬೈಯುತ್ತ ಬೈಯುತ್ತ ನಕ್ಕುಬಿಡುತ್ತಿದ್ದಳು. ಕಸ್ತೂರಿ “ನಗಬ್ಯಾಡ, ನಕ್ಕರ ನನಗ ತಿಳಿಯೂದಿಲ್ಲ” ಎನ್ನುತ್ತಿದ್ದಳು. ಆಮೇಲೆ ಶ್ರಾವಣದ ಒಂದು ಮಧ್ಯಾಹ್ನ ಅನಸಕ್ಕ ಊಟ ಮುಗಿಸಿ, ಗೋಡೆಗೆ ಒರಗಿ, ಹಾಗೆಯೇ ತೀರಿಕೊಂಡಳು. ಎರಡನೆಯ ಲಕ್ವಾ ಎಂದರು ಡಾಕ್ಟರು. ನೋವಾಗಿರಲಿಕ್ಕಿಲ್ಲ ಎಂದರು.

ಹದಿನೈದು ದಿನಕ್ಕೆ ಕಸ್ತೂರಿಯೇ ಕೇಂದ್ರಕ್ಕೆ ಫೋನ್ ಮಾಡಿದಳು. ಸಾವಿನ ಸುದ್ದಿ ಕೇಳಿ ಬೀದರಿನಿಂದ ಬಂದಿದ್ದ ಪವಿತ್ರಾ ನಂಬರು ಒತ್ತಿಕೊಟ್ಟಳು. “ಮೇಡಮ್ಮಾರ, ಜೋಡಿ ಒಡದೈತ್ರಿ. ಬಂದು ನನ್ನ ನೋಡ್ರಿ. ಒಲಿ ಹಚ್ಚಾಕ ನನಗ ಧೈರ್ಯ ಇಲ್ಲ.”

ತಸ್ನೀಮ್ ಬಂದು ಬಳೆ ತೊಡಿಸಿ ಎರಡು ತಾಸು ನೋಡಿದಳು. ಮುಚ್ಚಿಡದೆ ಹೇಳಿದಳು. “ಮೂವತ್ತೆಂಟು ರೀ ಅಮ್ಮಾರ. ಒಬ್ಬರೇ ಇರಾಕ ಆಗೂದಿಲ್ಲ.” ಕಸ್ತೂರಿ ತಲೆಯಾಡಿಸಿದಳು. ಅದನ್ನು ಕೇಳಿ ಅವಳಿಗೆ ಅಂಜಿಕೆಯಾಗಲಿಲ್ಲ. ಬೀದರಿಗೆ ಹೋಗುವುದೆಂದು ಆಗಲೇ ಮನಸ್ಸು ಮಾಡಿದ್ದಳು. ಆ ಮಧ್ಯಾಹ್ನವೆಲ್ಲ ತಸ್ನೀಮ್ ಪವಿತ್ರಾಳನ್ನು ಕೂರಿಸಿಕೊಂಡು, ಯಾವಾಗ ಕಾಯಬೇಕು, ಯಾವಾಗ ಹೇಳಬೇಕು, ಹೇಗೆ ಹೇಳಬೇಕು ಎಂದು ಕಲಿಸಿದಳು.

“ನನಗ ಬೈಯಾಕ ಬರೂದಿಲ್ರಿ ಮೇಡಮ್,” ಎಂದಳು ಪವಿತ್ರಾ, ಕಣ್ಣೊರೆಸಿಕೊಳ್ಳುತ್ತ.

“ಹತ್ತನೇ ಕ್ಲಾಸಿನ ಹುಡುಗರಿಗೆ ಕಲಿಸ್ತೀರಿ, ಬೈಯಾಕ ಬರೂದಿಲ್ಲಂದ್ರ ಯಾರು ನಂಬ್ತಾರ?” ಎಂದಳು ತಸ್ನೀಮ್.

ಹೊರಡುವ ದಿನ ಬೆಳಿಗ್ಗೆ ತಸ್ನೀಮ್ ಬೀಳ್ಕೊಡಲು ಬಂದಾಗ ಕಸ್ತೂರಿ ಖಾಲಿಯಾದ ಅಡುಗೆಕೋಣೆಯಲ್ಲಿ ನಿಂತಿದ್ದಳು. ಪವಿತ್ರಾ ಸಾಮಾನು ಹೊತ್ತು ಕೆಳಗಿಳಿದಿದ್ದಳು.

“ನೀವು ನಮಗ ಎರಡು ವರ್ಷ ಮೂರು ತಿಂಗಳು ಕೊಟ್ರಿ ಅಂತ ಪವಿತ್ರಾ ಅಂತಾಳ,” ಎಂದಳು ಕಸ್ತೂರಿ. “ಅಷ್ಟ ಅಲ್ರಿ ಮೇಡಮ್ಮಾರ. ಮದಿವ್ಯಾಗಿ ಬಂದಾಗಿಂದ ಆಕಿ ಬೈದಿದ್ದೆಲ್ಲಾ ನನ್ನ ಎದಿಯಾಗ ಕಲ್ಲಾಗಿ ಕುಂತಿತ್ತು. ಆ ಕೆಂಪು ಗೆರಿ, ಹಸರು ಗೆರಿ ತೋರಿಸಿದ್ರಲ್ಲ, ಅವತ್ತಿನಿಂದ ಒಂದೊಂದ ಹೊರಗ ತಗದು ನೋಡೀನಿ. ಮೊದಲನೇ ಗಾಡಿಗೆ ಓಡುವಾಗ ‘ಬುತ್ತಿ ಯಾರಿಗೆ ಬಿಟ್ಟು ಹೊಂಟಿ, ನಾಯಿಗೇನು’ ಅಂತ ಒದರಿದ್ದು. ಪವಿತ್ರಾಗ ಜ್ವರ ಬಂದಾಗ ‘ನೀ ಡ್ಯೂಟಿಗೆ ಹೋಗು, ಇಲ್ಲಿ ಕುಂತು ಏನ್ ಕಡೀತಿ’ ಅಂತ ಬಾಗಲದಿಂದ ಹೊರಗ ದಬ್ಬಿದ್ದು. ಆಕಿ ಹಂಗ ದಬ್ಬಲಿಲ್ಲಂದ್ರ ನನ್ನ ನೌಕರಿ ಎಲ್ಲಿ ಉಳೀತಿತ್ತು? ಹಿಂದಿನ ಐವತ್ತು ವರ್ಷ ಎಲ್ಲಾ ಈಗ ಬ್ಯಾರೆ ಕಾಣ್ತೈತ್ರಿ. ಅದನ್ನ ನೀವು ಕೊಟ್ಟಿದ್ದು.”

ತಸ್ನೀಮ್ ಅವಳ ಹತ್ತಿರ ಬಂದಳು. “ಬೈದಿದ್ದೆಲ್ಲಾ ಹಂಗ ಇತ್ತೇನ್ರಿ ಅಮ್ಮಾರ?”

“ಎಲ್ಲಾ ಅಲ್ರಿ!” ಕಸ್ತೂರಿ ನಕ್ಕಳು. “ಒಂದಿಷ್ಟು ಬರೇ ಬೈಗುಳನ. ಆಕಿ ಏನು ದೇವರಾಗಿದ್ದಿಲ್ಲ.”

ಕೆಳಗಿನಿಂದ ಪವಿತ್ರಾ, ಬೈಯಲು ಬಾರದ ದನಿಯನ್ನು ಆದಷ್ಟು ಒರಟು ಮಾಡಿಕೊಂಡು, “ಅವ್ವಾ, ಇಳೀತೀಯೋ ಇಲ್ಲೋ?” ಎಂದು ಕೂಗಿದಳು. ಕಸ್ತೂರಿ ತಸ್ನೀಮ್‌ಳ ಕೈ ಹಿಡಿದು ಮೊದಲ ಮೆಟ್ಟಿಲಿಗೆ ಕಾಲಿಟ್ಟಳು.

“ಆದ್ರ ಅವನ್ನೂ ಇಟ್ಕೊಂಡೀನ್ರಿ,” ಎಂದಳು. “ಒಂದೂ ಮರತಿಲ್ಲ.”